ಅಗ್ಗದ ಬಿಸಿನೆಸ್ ಕ್ಲಾಸ್ ಟಿಕೆಟ್ ಹಿಡಿದು ಸ್ಟೇಟಸ್ ಮಾಡೋದು ಈಗಲೂ ಗಿಟ್ಟುತ್ತಾ?

ಕಿಟಕಿಸೀಟು
ಮುಂದಿನ ವರ್ಷ ಆರು ದೂರದ ಪ್ರಯಾಣ ಖಚಿತ, ಆರೂ ಎಕಾನಮಿ. ಹೋಗುವಾಗಲೂ ಬರುವಾಗಲೂ ಯುರೋಪಿನಲ್ಲಿ ಒಂದು ಸಲ ವಿಮಾನ ಬದಲಿಸಬೇಕು. ಯಾವ ಏರ್‌ಲೈನ್ ಅನ್ನೋದು ನಮ್ಮಿಷ್ಟ. ಅದಕ್ಕೆ ಮೊದಲೇ ಕಡಿಮೆ ಬೆಲೆಯ ಬಿಸಿನೆಸ್ ಟಿಕೆಟ್ ಒಂದೋ ಎರಡೋ ಹಾರಿ, ಲೌಂಜ್ ಮತ್ತು ಹೆಚ್ಚುವರಿ ಲಗೇಜು ಸಿಗುವಂಥ ಸ್ಟೇಟಸ್ (ಏರ್‌ಲೈನ್ ಸದಸ್ಯತ್ವದಲ್ಲಿ ಸಿಲ್ವರ್, ಗೋಲ್ಡ್ ಅನ್ನೋ ಮೇಲಿನ ಮಟ್ಟ) ಮಾಡಿಟ್ಟುಕೊಂಡ್ರೆ ಹೇಗೆ ಅಂತ ಯೋಚನೆ.

ಕೇಳಬೇಕಿರೋದು ಇಷ್ಟು: ಯಾವ ಏರ್‌ಲೈನ್‌ನ ಪ್ರೋಗ್ರಾಂ (ಸದಸ್ಯತ್ವ ಯೋಜನೆ)? ಖರ್ಚು ಗಿಟ್ಟುತ್ತೋ ಇಲ್ಲವೋ ಅಂತ ಲೆಕ್ಕ ಹಾಕೋದು ಹೇಗೆ? ಎಲ್ಲೆಲ್ಲಿ ಕೈ ಕೊಡುತ್ತೆ? ಹಳೇ ಚರ್ಚೆಗಳಲ್ಲಿ ಎಲ್ಲರೂ ಬ್ರಿಟಿಷ್ ಏರ್‌ವೇಸ್ ಅಂತಾರೆ. ಅದು ಇನ್ನೂ ನಡೆಯುತ್ತಾ?

ರನ್‌ವೇ09
ಬ್ರಿಟಿಷ್ ಏರ್‌ವೇಸಿನ ಆ ದಾರಿ 2025ರ ಮಾರ್ಚ್ 31ಕ್ಕೆ ಮುಚ್ಚಿತು. ಹಳೇ ಪೋಸ್ಟ್ ಓದಿ ಟಿಕೆಟ್ ತಗೋಬೇಡಿ.

ಆಗ ಹೇಗಿತ್ತು ಅಂದ್ರೆ, ಟಿಯರ್ ಪಾಯಿಂಟ್ (ಸ್ಟೇಟಸ್‌ಗೆ ಎಣಿಸೋ ಅಂಕ) ಸಿಗ್ತಿದ್ದಿದ್ದು ದೂರ ಮತ್ತು ಕ್ಯಾಬಿನ್ (ಎಕಾನಮಿ, ಬಿಸಿನೆಸ್ ಅನ್ನೋ ದರ್ಜೆ) ನೋಡಿ. ಟಿಕೆಟ್‌ಗೆ ಎಷ್ಟು ಕೊಟ್ಟಿರಿ ಅನ್ನೋದು ಲೆಕ್ಕಕ್ಕೇ ಬರ್ತಿರಲಿಲ್ಲ. ಬಿಸಿನೆಸ್‌ನಲ್ಲಿ ಹತ್ತಿರದ ಹಾರಾಟಕ್ಕೆ 40, 2,000 ಮೈಲಿ ದಾಟಿದರೆ 140. ಡಬ್ಲಿನ್–ಲಂಡನ್ 40, ಲಂಡನ್–ನ್ಯೂಯಾರ್ಕ್ 140, ಅಲ್ಲಿಂದ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಲಾಸ್ ಏಂಜಲೀಸ್ ಇನ್ನೊಂದು 140. ಒಂದು ಕಡೆಗೆ 320, ಹೋಗಿ ಬಂದರೆ 640. ಸಿಲ್ವರ್‌ಗೆ ಬೇಕಿದ್ದಿದ್ದು 600, ಜೊತೆಗೆ ಅವರದೇ ನಾಲ್ಕು ಹಾರಾಟ. ಒಂದೇ ಟಿಕೆಟ್‌ನಲ್ಲಿ ಕೆಲಸ ಮುಗೀತಿತ್ತು.

2025ರ ಏಪ್ರಿಲ್ 1ರಿಂದ ಒಂದು ಪೌಂಡ್ ಖರ್ಚಿಗೆ ಒಂದು ಪಾಯಿಂಟ್. ಸಿಲ್ವರ್ 7,500, ಗೋಲ್ಡ್ 20,000. ಸರ್ಕಾರಿ ತೆರಿಗೆ ಇದರಲ್ಲಿ ಸೇರಲ್ಲ. ಟಿಕೆಟ್ ಅಗ್ಗ ಆದಷ್ಟೂ ಪಾಯಿಂಟ್ ಕಮ್ಮಿ, ಅಂದರೆ ಅಗ್ಗದ ಟಿಕೆಟ್ ಹುಡುಕೋದಕ್ಕೆ ಅರ್ಥವೇ ಉಳಿದಿಲ್ಲ.

ಕಡಲತಡಿ
ಪೂರ್ತಿ ಮುಚ್ಚಿದೆ ಅನ್ಬೇಡಿ ಮಾರಾಯ್ರೆ. ಒನ್‌ವರ್ಲ್ಡ್ (ಬ್ರಿಟಿಷ್ ಏರ್‌ವೇಸ್ ಇರುವ ಏರ್‌ಲೈನ್ ಕೂಟ, ಅಂದ್ರೆ ಅಲಯನ್ಸ್) ಒಳಗಿನ ಬೇರೆ ಏರ್‌ಲೈನ್ ನಂಬರಿನ ಟಿಕೆಟ್ ತೆಗೆದು ಬ್ರಿಟಿಷ್ ಏರ್‌ವೇಸ್ ಖಾತೆಗೆ ಹಾಕಿದ್ರೆ ಈಗಲೂ ಹಾರಿದ ಮೈಲಿಯ ಇಂತಿಷ್ಟು ಪಾಲು ಅಂತ ಉಂಟು. ಖರ್ಚಿನ ಲೆಕ್ಕ ಇರೋದು ಅವರದ್ದು, ಅಮೆರಿಕನ್‌ದು, ಐಬೀರಿಯಾದ್ದು. ಕತಾರ್, ಜಪಾನ್ ಏರ್‌ಲೈನ್ಸ್ ಎಲ್ಲ ದೂರದ ಲೆಕ್ಕವೇ.

ರನ್‌ವೇ09
@ಕಡಲತಡಿ ಹೌದು, ಅದನ್ನ ಬಿಟ್ಟಿದ್ದೆ. ಆದ್ರೂ 7,500 ಮುಟ್ಟೋಕೆ ಆ ಪಾಲಿನಲ್ಲಿ ಬಹಳ ದೂರ ಹಾರಬೇಕು. ಆರು ಎಕಾನಮಿ ಪ್ರಯಾಣ ಇಟ್ಕೊಂಡಿರೋರಿಗೆ ಅದು ಹೊಂದಲ್ಲ.

ಲೆಕ್ಕಪತ್ರ
ಪ್ರೋಗ್ರಾಂಗಳನ್ನ ಮೊದಲು ಎರಡು ರಾಶಿ ಮಾಡಿ. ಖರ್ಚು ನೋಡಿ ಪಾಯಿಂಟ್ ಕೊಡೋವು ಒಂದು ಕಡೆ, ದೂರ ಅಥವಾ ಹಾರಾಟದ ಸಂಖ್ಯೆ ನೋಡಿ ಕೊಡೋವು ಇನ್ನೊಂದು ಕಡೆ. ನಮಗೆ ಬೇಕಾದ್ದು ಎರಡನೇದು.

ಯುರೋಪಿನಲ್ಲಿ ಬದಲಿಸೋರಿಗೆ ಏರ್ ಫ್ರಾನ್ಸ್–ಕೆಎಲ್ಎಂ ಅವರ ಫ್ಲೈಯಿಂಗ್ ಬ್ಲೂ ಲೆಕ್ಕ ಹಾಕೋಕೆ ಸುಲಭ. ಅದರ ಘಟಕ ಎಕ್ಸ್‌ಪಿ. ಒಂದೊಂದು ಹಾರಾಟಕ್ಕೆ ಎಕಾನಮಿ/ಬಿಸಿನೆಸ್ ಹೀಗೆ:

ದೇಶದೊಳಗೆ: 2 / 6
2,000 ಮೈಲಿಯೊಳಗಿನ ಅಂತರರಾಷ್ಟ್ರೀಯ: 5 / 15
2,000–3,500: 8 / 24
3,500–5,000: 10 / 30
5,000 ದಾಟಿದರೆ: 12 / 36

ಸಿಲ್ವರ್‌ಗೆ 100. ಮುಟ್ಟಿದ ಕೂಡಲೇ ಆ 100 ಕಳೆದು, ಮಿಕ್ಕಿದ್ದು ಮುಂದಕ್ಕೆ ಹೋಗುತ್ತೆ, ಹೊಸ 12 ತಿಂಗಳು ಶುರು. ಆಮೇಲೆ ಗೋಲ್ಡ್‌ಗೆ 180, ಪ್ಲಾಟಿನಂಗೆ ಮತ್ತೆ 300. ಸೊನ್ನೆಯಿಂದ ಗೋಲ್ಡ್‌ವರೆಗೆ ಒಟ್ಟು 280. ಲೌಂಜ್ ಸಿಗೋದು ಗೋಲ್ಡ್‌ನಿಂದ, ಅಂದರೆ ಅವರ ಅಲಯನ್ಸ್ ಆದ ಸ್ಕೈಟೀಮ್‌ನ ಎಲೈಟ್ ಪ್ಲಸ್ ಮಟ್ಟ. ಸಿಲ್ವರ್‌ಗೆ ಲೌಂಜ್ ಇಲ್ಲ. ಇದನ್ನ ಗಟ್ಟಿಯಾಗಿ ನೆನಪಿಡಿ, ಮುಂದಿನ ಲೆಕ್ಕ ಎಲ್ಲ ಇದರ ಮೇಲೇ ನಿಂತಿದೆ.

ಪುಟ್ಟಬ್ಯಾಗ್
ಹಾರಾಟಕ್ಕೆ ಇಷ್ಟು ಅಂದ್ರೆ, ನೇರ ಹೋಗೋದಕ್ಕಿಂತ ಬದಲಿಸಿ ಹೋದ್ರೆ ಜಾಸ್ತಿ ಸಿಗುತ್ತೆ ಅಂತಾಯ್ತಲ್ಲ?

ಲೆಕ್ಕಪತ್ರ
ಅದೇ ಗುಟ್ಟು. ಓಸ್ಲೋ–ಆಮ್‌ಸ್ಟರ್‌ಡ್ಯಾಮ್–ಪ್ಯಾರಿಸ್–ಲಾಸ್ ಏಂಜಲೀಸ್ ಅಂತ ಒಂದು ಬಿಸಿನೆಸ್ ಟಿಕೆಟ್ ತಗೊಳ್ಳಿ: 15 + 15 + 36 = 66. ಹೋಗಿ ಬಂದರೆ 132. ಪ್ಯಾರಿಸ್ ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ನಿಂದ ನೇರ ಹಾರಿದರೆ 102. ಒಂದು ಗಂಟೆ ಚಿಲ್ಲರೆಯ ಆ ಆಮ್‌ಸ್ಟರ್‌ಡ್ಯಾಮ್–ಪ್ಯಾರಿಸ್ ಹಾರಾಟಕ್ಕೇ ಎರಡೂ ಕಡೆ ಸೇರಿ 30.

ಓಸ್ಲೋ ಉದಾಹರಣೆಗೆ ಮಾತ್ರ. ಏರ್‌ಲೈನ್ ತನ್ನ ಸ್ವಂತ ಊರಿನಿಂದ ಹೊರಡುವ ನೇರ ಹಾರಾಟಕ್ಕೆ ಹೆಚ್ಚು ಕೇಳುತ್ತೆ. ಬೇರೆಯವರ ಊರಿನಿಂದ ಜನರನ್ನ ತನ್ನ ಹಬ್‌ಗೆ (ಮುಖ್ಯ ಏರ್‌ಪೋರ್ಟ್‌ಗೆ) ಎಳೆಯೋಕೆ ಬೆಲೆ ಇಳಿಸುತ್ತೆ. ಪ್ಯಾರಿಸ್‌ನಿಂದ ಹೊರಡೋದಕ್ಕಿಂತ ಪ್ಯಾರಿಸ್ ಮೂಲಕ ಹೋಗೋದು ಅಗ್ಗ ಆಗೋದು ಇದಕ್ಕೇ.

ಉತ್ತರದಿಕ್ಕು
ದೂರದ ಗೆರಿ ಎಲ್ಲಿ ಬೀಳ್ತೈತಿ ಅಂತ ನೋಡ್ಕೊಳ್ರಿ. ಪ್ಯಾರಿಸ್–ನ್ಯೂಯಾರ್ಕ್ 3,600 ಮೈಲಿ ದಾಟ್ತೈತಿ, 30 ಸಿಗ್ತಾವ. ಪ್ಯಾರಿಸ್–ಬಾಸ್ಟನ್ 3,500ರ ಒಳಗ, 24 ಅಷ್ಟ. ಲಂಡನ್–ನ್ಯೂಯಾರ್ಕ್ ಸುದ್ದಾ 3,450ರ ಆಸುಪಾಸು, 24ಕ್ಕ ನಿಂತುಬಿಡ್ತೈತಿ. ನಕ್ಷೆ ಮ್ಯಾಲೆ ಎಲ್ಲಾ ಒಂದ ಕಡಿ ಕಾಣ್ತಾವ, ಆದ್ರ ಹೋಗಿಬರೂದ್ರಾಗ 12 ಎಕ್ಸ್‌ಪಿ ಫರಕ. ಗ್ರೇಟ್ ಸರ್ಕಲ್ ಮ್ಯಾಪರ್ ಸೈಟಿನ್ಯಾಗ ಎರಡೂ ಏರ್‌ಪೋರ್ಟ್ ಕೋಡ್ ಹಾಕಿ ಮೈಲಿ ನೋಡೇ ಟಿಕೆಟ್ ತಗೀರಿ.

ಗೇಟ್23
ಪಾಯಿಂಟ್ ಒಂದಕ್ಕೆ ಎಷ್ಟು ಬಿತ್ತು ಅನ್ನೋದೇ ಅಳತೆ, ಟಿಕೆಟ್ ಬೆಲೆ ಅಲ್ಲ. ಲೆಕ್ಕಕ್ಕೆ ಅಂತ ಅಂಕಿ ಇಟ್ಕೊಳ್ಳಿ:

ಲಾಸ್ ಏಂಜಲೀಸ್ ಟಿಕೆಟ್ 1,500 ಯೂರೋ, ಹೊರಡೋ ಊರಿಗೆ ಹೋಗಿಬರೋ ಖರ್ಚು 150, ಅಲ್ಲಿ ಒಂದು ರಾತ್ರಿ 100. ಒಟ್ಟು 1,750. ಭಾಗಿಸು 132. ಎಕ್ಸ್‌ಪಿಗೆ ಸುಮಾರು 13.3.

ಬಾಸ್ಟನ್ ಟಿಕೆಟ್ 1,450, ಉಳಿದದ್ದು ಅದೇ. ಒಟ್ಟು 1,700. ಓಸ್ಲೋ–ಆಮ್‌ಸ್ಟರ್‌ಡ್ಯಾಮ್–ಬಾಸ್ಟನ್ ಹೋಗಿಬರೋದು 78 ಎಕ್ಸ್‌ಪಿ. ಸುಮಾರು 21.8.

ಐವತ್ತು ಯೂರೋ ಉಳಿಸೋಕೆ ಹೋಗಿ ಪಾಯಿಂಟ್‌ಗೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೊಟ್ಟಂಗಾಯ್ತು. ಹೊರಡೋ ಊರಿನ ಹೋಟೆಲ್, ಆ ಊರಿಗೆ ಹೋಗೋ ಟಿಕೆಟ್, ವೀಸಾ ಶುಲ್ಕ, ಎಲ್ಲ ಸೇರಿಸಿಯೇ ಭಾಗಿಸಬೇಕು.

ಲೆಕ್ಕಪತ್ರ
@ಕಿಟಕಿಸೀಟು ಈಗ ನಿಮ್ಮ ವಿಷಯ. ನಿಮ್ಮ ಆರು ಎಕಾನಮಿ ಪ್ರಯಾಣಗಳೇ ಎಷ್ಟು ತರುತ್ತವೆ ನೋಡಿ. ಒಂದು ಕಡೆಗೆ ದೂರದ್ದು 10, ಯುರೋಪಿನೊಳಗಿನದು 5 ಅಂತ ಹಿಡಿದರೆ ಒಂದು ಪ್ರಯಾಣಕ್ಕೆ 30. ಆರಕ್ಕೆ 180.

ಬಿಸಿನೆಸ್ ಟಿಕೆಟ್ ಏನೂ ತಗೊಳ್ಳದಿದ್ದರೆ: ನಾಲ್ಕನೇ ಪ್ರಯಾಣಕ್ಕೆ 120, ಸಿಲ್ವರ್ ಆಗಿ 20 ಉಳಿಯುತ್ತೆ. ವರ್ಷದ ಕೊನೆಗೆ ಗೋಲ್ಡ್ ದಾರಿಯಲ್ಲಿ 80.

132ರ ಬಿಸಿನೆಸ್ ಒಂದು ಸಲ ಹಾರಿದರೆ: ಸಿಲ್ವರ್ ಆಗಿ 32 ಮಿಗುತ್ತೆ. ಅಲ್ಲಿಂದ 30ರಂತೆ ಐದು ಪ್ರಯಾಣ ಆದ ಮೇಲೆ 182, ಆಗ ಗೋಲ್ಡ್. ಲೌಂಜ್ ಉಪಯೋಗಕ್ಕೆ ಬರೋದು ಆರನೇ ಪ್ರಯಾಣಕ್ಕೆ ಮಾತ್ರ!

ಎರಡು ಸಲ ಹಾರಿದರೆ: 264, ಸಿಲ್ವರ್ ಕಳೆದು 164. ಮೊದಲ ಪ್ರಯಾಣದಲ್ಲೇ 194 ಆಗಿ ಗೋಲ್ಡ್, 14 ಮುಂದಕ್ಕೆ. ಎರಡನೇ ಪ್ರಯಾಣದಿಂದ ಎಲ್ಲ ಸೌಲಭ್ಯ. ಇನ್ನು ಐದು ಪ್ರಯಾಣದ 150 ಸೇರಿ ಮರುವರ್ಷದ ಗೋಲ್ಡ್‌ಗೂ 16 ಮಾತ್ರ ಕಮ್ಮಿ.

ಹಾಗಾಗಿ ನಿಮಗೆ ಒಂದು ಸಲ ಅನ್ನೋ ಆಯ್ಕೆಯೇ ಇಲ್ಲ. ಎರಡು, ಇಲ್ಲಾಂದ್ರೆ ಸೊನ್ನೆ.

ಕಿಟಕಿಸೀಟು
ಈ ಥರ ಯೋಚನೆ ಮಾಡಿರಲಿಲ್ಲ, ಬಹಳ ಉಪಕಾರ ಆಯ್ತು ಸಾರ್. ಹಾಗಾದ್ರೆ 3,500 ಯೂರೋ ಹಾಕಿ ಐದು ಪ್ರಯಾಣಕ್ಕೆ ಲೌಂಜ್, ಬ್ಯಾಗ್. ಗಿಟ್ಟುತ್ತಾ?

ಗೇಟ್23
ಆ ಎರಡು ಬಿಸಿನೆಸ್ ಪ್ರಯಾಣ ನಿಮಗೆ ಹೇಗಿದ್ರೂ ಹೋಗಬೇಕಿದ್ದ ರಜೆ ಅಲ್ಲದಿದ್ದರೆ ಗಿಟ್ಟಲ್ಲ. ಖಂಡಿತ ಇಲ್ಲ.

ರಜೆಗೆ ಹೋಗೋದು ನಿಜವೇ ಆಗಿದ್ದರೆ, ಎಕಾನಮಿಗೆ ಕೊಡುತ್ತಿದ್ದ ಹಣವನ್ನ ಒಟ್ಟು ಖರ್ಚಿನಿಂದ ಕಳೆದು ಆಮೇಲೆ ಭಾಗಿಸಿ. 1,750ರಲ್ಲಿ 700 ಹೇಗಿದ್ದರೂ ಖರ್ಚಾಗ್ತಿತ್ತು ಅಂದ್ರೆ ಸ್ಟೇಟಸ್‌ಗೆ ಅಂತ ಹೋಗಿದ್ದು 1,050, ಎಕ್ಸ್‌ಪಿಗೆ ಸುಮಾರು 8. ಅದರಲ್ಲೂ ಮಲಗಿಕೊಂಡು ಹೋಗೋ ಸೀಟಿನ ಸುಖಕ್ಕೆ ಒಂದು ಬೆಲೆ ಇದೆ. ಸುಮ್ಮನೆ ಹೋಗಿ ಅದೇ ವಿಮಾನದಲ್ಲಿ ತಿರುಗಿ ಬರೋದಾದ್ರೆ ಪ್ರತಿ ಸಲ ಲೌಂಜಿಗೆ ಕೈಯಿಂದ ದುಡ್ಡು ಕೊಟ್ಟು, ಹೆಚ್ಚುವರಿ ಬ್ಯಾಗ್ ಕೊಂಡು ಹೋಗೋದು ಎಷ್ಟೋ ಮೇಲು.

ಕಡಲತಡಿ
ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಲೌಂಜ್ ಒಂದನ್ನೇ ಹಿಡಿದು ಅಳೆಯೋದು ಸರಿಯಲ್ಲ. ವಿಮಾನ ರದ್ದಾದಾಗ ಮುನ್ನೂರು ಜನರ ಸಾಲಿನಲ್ಲಿ ನಿಲ್ಲದೆ ಬೇರೆ ಕೌಂಟರಿಗೆ ಹೋಗುವುದು, ಬೇಗ ಬೋರ್ಡಿಂಗ್ ಆಗಿ ಬ್ಯಾಗಿಗೆ ಮೇಲೆ ಜಾಗ ಸಿಗುವುದು, ಸೀಟು ಆರಿಸುವುದು, ಇವಕ್ಕೆ ಬೆಲೆ ಇಲ್ವಾ? ವರ್ಷಕ್ಕೆ ಆರು ಸಲ ಹಾರುವವರಿಗೆ ಒಂದು ಸಲವಾದರೂ ಅಂಥ ದಿನ ಬಂದೇ ಬರ್ತದೆ.

ಗೇಟ್23
@ಕಡಲತಡಿ ಬೆಲೆ ಇದೆ, 3,500 ಇಲ್ಲ.

ಮಧ್ಯರಾತ್ರಿಲೇಓವರ್
ಟಿಕೆಟ್ ಹುಡುಕೋ ವಿಧಾನ ಯಾರೂ ಹೇಳಿಲ್ಲ, ಹೇಳ್ತೀನಿ.

ಮೊದಲು ಗೂಗಲ್ ಫ್ಲೈಟ್ಸ್‌ನಲ್ಲಿ ಬಿಸಿನೆಸ್ ಆರಿಸಿ, ಹೊರಡೋ ಜಾಗಕ್ಕೆ ಒಟ್ಟಿಗೆ ಹಲವು ಊರು ಹಾಕಿ, ಕ್ಯಾಲೆಂಡರ್ ತೆಗೆದು ಅಗ್ಗದ ವಾರ ಗುರುತು ಮಾಡ್ಕೊಳ್ಳಿ. ಆಮೇಲೆ ಐಟಿಎ ಮ್ಯಾಟ್ರಿಕ್ಸ್ ಅನ್ನೋ ದರ ಹುಡುಕೋ ಸೈಟ್. ಅದು ಟಿಕೆಟ್ ಮಾರಲ್ಲ, ಆದರೆ ರೂಟಿಂಗ್ ಕೋಡ್ ಅನ್ನೋ ಜಾಗದಲ್ಲಿ ಎಎಂಎಸ್ (ಆಮ್‌ಸ್ಟರ್‌ಡ್ಯಾಮ್), ಸಿಡಿಜಿ (ಪ್ಯಾರಿಸ್) ಅಂತ ಬದಲಿಸೋ ಏರ್‌ಪೋರ್ಟ್‌ಗಳನ್ನ ಸಾಲಾಗಿ ಕೊಟ್ಟರೆ ಅದೇ ದಾರಿ ತೋರಿಸುತ್ತೆ, ಫೇರ್ ರೂಲ್ಸ್ (ಆ ದರದ ಷರತ್ತುಗಳು) ಕೂಡ ಓದಬಹುದು. ಅಲ್ಲಿ ನೋಡಬೇಕಾದ ಸಾಲುಗಳು:

ಟ್ರಾನ್ಸ್‌ಫರ್ಸ್: ಒಂದು ದಿಕ್ಕಿಗೆ ಎಷ್ಟು ಬದಲಾವಣೆಗೆ ಅವಕಾಶ. ಎರಡು ಅಂತಿದ್ದರೆ ಮೇಲಿನ ಪ್ಯಾರಿಸ್ ದಾರಿ ಸರಿ. ಒಂದೇ ಅಂತಿದ್ದರೆ ಬೆಲೆ ಜಿಗಿಯುತ್ತೆ.
ಮಿನಿಮಮ್ ಸ್ಟೇ: ಅಗ್ಗದ ಬಿಸಿನೆಸ್ ದರಗಳಲ್ಲಿ ಶನಿವಾರ ರಾತ್ರಿ ಅಲ್ಲೇ ಇರಬೇಕು ಅನ್ನೋ ಷರತ್ತು ಸಾಮಾನ್ಯ. ಮಂಗಳವಾರ ಹೋಗಿ ಬುಧವಾರ ಬರೋ ಯೋಚನೆ ಇಲ್ಲೇ ಮುರಿಯುತ್ತೆ.
ಸ್ಟಾಪ್‌ಓವರ್: ಅಂತರರಾಷ್ಟ್ರೀಯ ಟಿಕೆಟ್‌ನಲ್ಲಿ 24 ಗಂಟೆ ಮೀರಿದ ನಿಲುಗಡೆ ಬದಲಾವಣೆ ಅಲ್ಲ, ಸ್ಟಾಪ್‌ಓವರ್. ದರವೇ ಒಡೆದುಹೋಗಬಹುದು.

ಇಷ್ಟಾದ ಮೇಲೆ ಏರ್‌ಲೈನ್ ಸೈಟಿನ ಮಲ್ಟಿ ಸಿಟಿಯಲ್ಲಿ ಅದೇ ಹಾರಾಟ ಸಂಖ್ಯೆಗಳನ್ನ ಕೂರಿಸಿ. ಬೆಲೆ ಮ್ಯಾಟ್ರಿಕ್ಸ್ ತೋರಿಸಿದ್ದಕ್ಕಿಂತ ಜಾಸ್ತಿ ಬಂದ್ರೆ ತುಂಡು ತುಂಡಾಗಿ ಅಲ್ಲ, ಹೋಗೋದು ಒಂದು, ಬರೋದು ಒಂದು ಅಂತ ಇಡೀ ದಿಕ್ಕನ್ನ ಹುಡುಕಿ ನೋಡಿ. ಸೀಟಿನ ಲಭ್ಯತೆ ಎರಡು ಹಾರಾಟ ಸೇರಿಸಿ ಕೊಡೋದು ಬೇರೆ, ಬಿಡಿಬಿಡಿಯಾಗಿ ಕೊಡೋದು ಬೇರೆ.

ಪುಟ್ಟಬ್ಯಾಗ್
ಟಿಕೆಟ್‌ನಲ್ಲಿ ದರ ಗುರುತಿಸೋಕೆ ಹಾಕೋ ಅಕ್ಷರದ ಬಗ್ಗೆಯೂ ಹೇಳಿ ಸಾರ್. ಎಲ್ಲ ಬಿಸಿನೆಸ್‌ಗೂ ಒಂದೇ ಪಾಯಿಂಟ್ ಸಿಗುತ್ತಾ?

ಮಧ್ಯರಾತ್ರಿಲೇಓವರ್
ಎಕ್ಸ್‌ಪಿ ಕ್ಯಾಬಿನ್ ನೋಡುತ್ತೆ. ಆದರೆ ದೂರವನ್ನ ಶೇಕಡಾವಾರು ಲೆಕ್ಕ ಹಾಕೋ ಪ್ರೋಗ್ರಾಂಗಳಲ್ಲಿ ಅಕ್ಷರವೇ ಎಲ್ಲ. ಲುಫ್ತಾನ್ಸಾದಲ್ಲಿ ಜೆ, ಸಿ, ಡಿ, ಝಡ್, ಪಿ ಐದೂ ಬಿಸಿನೆಸ್, ಪಿ ಎಲ್ಲಕ್ಕಿಂತ ಅಗ್ಗ. ಪಾಲುದಾರ ಪ್ರೋಗ್ರಾಂ ಒಂದು ಜೆಗೆ 200% ಕೊಟ್ಟು ಪಿಗೆ 100% ಕೊಟ್ಟರೆ 5,000 ಮೈಲಿಯ ಹಾದಿಯಲ್ಲಿ 10,000 ಮತ್ತು 5,000. ಟಿಕೆಟ್ ತಗೊಳ್ಳೋ ಮುಂಚೆ ಪಾಯಿಂಟ್ ಹಾಕಿಸೋ ಪ್ರೋಗ್ರಾಂನ ಪುಟದಲ್ಲಿ, ಆ ಏರ್‌ಲೈನ್‌ನ ಆ ಅಕ್ಷರಕ್ಕೆ ಎಷ್ಟು ಅಂತ ನೋಡಿ. ಹಾರೋ ಏರ್‌ಲೈನ್‌ನ ಪುಟದಲ್ಲಿ ನೋಡಿದ್ರೆ ಉಪಯೋಗ ಇಲ್ಲ.

ಇನ್ನೊಂದು: ಕೋಡ್‌ಶೇರ್. ವಿಮಾನ ಒಬ್ಬರದು, ನಂಬರ್ ಇನ್ನೊಬ್ಬರದು. ಕೆಲವು ಪ್ರೋಗ್ರಾಂ ನಂಬರ್ ನೋಡುತ್ತವೆ, ಕೆಲವು ವಿಮಾನ ನೋಡುತ್ತವೆ.

ಉತ್ತರದಿಕ್ಕು
ಕತಾರ್‌ದವ್ರ ಬಿಸಿನೆಸ್ ಲೈಟ್ ಅಂತ ಒಂದೈತಿ ನೋಡ್ರಿ, ಪಿ ಅಕ್ಷರದ್ದು. ಅದ್ರಾಗ ಸೀಟು ಬಿಸಿನೆಸ್ಸಿಂದ, ಆದ್ರ ಲೌಂಜ್ ಇಲ್ಲ, ಸೀಟು ಆರಿಸಾಕ ರೊಕ್ಕ. ಮೊದಲ ಒನ್‌ವರ್ಲ್ಡ್ ಸಫೈರ್ ಇದ್ದವ್ರಿಗೆ ಸ್ಟೇಟಸ್ ಮ್ಯಾಲೆ ಲೌಂಜ್ ಸಿಗ್ತೈತಿ, ಅಂಥವ್ರಿಗೆ ಛಲೋ. ಸ್ಟೇಟಸ್ ಇಲ್ದೆ ಹೊಸದಾಗಿ ಹೊಂಟವ್ರು ದೋಹಾದಾಗ ಆರ್ ತಾಸು ಕುರ್ಚಿ ಮ್ಯಾಲ ಕುಂದರಬೇಕಾಗ್ತೈತಿ.

ಕಿಟಕಿಸೀಟು
ಸ್ಟಾರ್ ಅಲಯನ್ಸ್ ಕಡೆ ಏನಿದೆ? ಲೌಂಜ್ ಅಲ್ಲೇ ಹೆಚ್ಚು ಅಂತಾರಲ್ಲ.

ರನ್‌ವೇ09
ಲೌಂಜ್ ಬೇಕಿದ್ದರೆ ಸ್ಟಾರ್ ಗೋಲ್ಡ್ ಆಗಬೇಕು. ಟರ್ಕಿಶ್‌ನ ಎಲೈಟ್‌ಗೆ 12 ತಿಂಗಳಲ್ಲಿ 40,000 ಸ್ಟೇಟಸ್ ಮೈಲಿ, ಬಂದರೆ ಎರಡು ವರ್ಷ ಇರುತ್ತೆ. ಆ ಎರಡು ವರ್ಷವೇ ದೊಡ್ಡ ಲಾಭ. ಸಿಂಗಾಪುರದ ಕ್ರಿಸ್‌ಫ್ಲೈಯರ್ ಎಲೀಟ್ ಗೋಲ್ಡ್ 50,000. ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್ 2024ರಿಂದ ಪಾಯಿಂಟ್ ಪದ್ಧತಿಗೆ ಬಂದಿದೆ, ಸೆನೆಟರ್‌ಗೆ 2,000, ಅದರಲ್ಲಿ ಅರ್ಧ ಅವರ ಗುಂಪಿನ ಏರ್‌ಲೈನ್‌ಗಳಲ್ಲೇ ಬರಬೇಕು. ಅಲ್ಲಿ ಕ್ಯಾಲೆಂಡರ್ ವರ್ಷ. ಡಿಸೆಂಬರ್‌ನಲ್ಲಿ ಅರ್ಧ, ಜನವರಿಯಲ್ಲಿ ಅರ್ಧ ಹಾರಿದರೆ ಎರಡೂ ಅರ್ಧವೇ.

ಅಮೆರಿಕದ ಒಳಗೆ ಹೆಚ್ಚು ಓಡಾಡೋರು ಯುನೈಟೆಡ್‌ನ ಸ್ವಂತ ಸ್ಟೇಟಸ್ ಮಾಡಬೇಡಿ. ಅವರ ಗೋಲ್ಡ್‌ಗೆ ದೇಶದೊಳಗಿನ ಪ್ರಯಾಣದಲ್ಲಿ ಲೌಂಜ್ ಇಲ್ಲ. ಬೇರೆ ದೇಶದ ಪ್ರೋಗ್ರಾಂನ ಸ್ಟಾರ್ ಗೋಲ್ಡ್ ತೋರಿಸಿದರೆ ಅದೇ ಲೌಂಜಿಗೆ ಬಿಡ್ತಾರೆ. ಅಮೆರಿಕನ್ ಏರ್‌ಲೈನ್ಸ್‌ನದೂ ಇದೇ ಕಥೆ.

ಕಡಲತಡಿ
ಅಲಯನ್ಸ್ ನೋಡಿ ಪ್ರೋಗ್ರಾಂ ಆರಿಸುವವರು ಸ್ಕ್ಯಾಂಡಿನೇವಿಯಾದ ಏರ್‌ಲೈನ್ ಎಸ್ಎಎಸ್ ನೆನಪಿಡಿ. 2024ರ ಆಗಸ್ಟ್ 31ರವರೆಗೆ ಸ್ಟಾರ್, ಮರುದಿನದಿಂದ ಸ್ಕೈಟೀಮ್. ಸ್ಟಾರ್ ಲೌಂಜಿಗಾಗಿ ಅವರ ಗೋಲ್ಡ್ ಮಾಡಿದವರಿಗೆ ಒಂದೇ ರಾತ್ರಿಯಲ್ಲಿ ಬೇರೆ ಲೌಂಜ್.

ಪುಟ್ಟಬ್ಯಾಗ್
ಅದೇ ವರ್ಷ ತಾನೇ ಅವರು ಅಕ್ಟೋಬರ್ 8ರಿಂದ ಡಿಸೆಂಬರ್ 31ರ ಒಳಗೆ 15 ಸ್ಕೈಟೀಮ್ ಏರ್‌ಲೈನ್‌ನಲ್ಲಿ ಹಾರಿದರೆ ಹತ್ತು ಲಕ್ಷ ಪಾಯಿಂಟ್ ಕೊಟ್ಟಿದ್ದು? ಎಂಥೆಂಥಾ ದಾರಿ ಹಾಕಿದ್ರು ಜನ! ಒಂದೊಂದು ಏರ್‌ಲೈನ್‌ಗೆ ಅತಿ ಚಿಕ್ಕ ಹಾರಾಟ ಯಾವುದು ಅಂತ ಹುಡುಕಿ ಜಗತ್ತನ್ನೇ ಸುತ್ತೋ ಪಟ್ಟಿ.

ಲೆಕ್ಕಪತ್ರ
ಹೌದು, ಅದು ಸ್ಟೇಟಸ್ ಅಲ್ಲ, ಬಳಸೋ ಪಾಯಿಂಟ್. ಎರಡನ್ನೂ ಕಲಸಬೇಡಿ. ವಿಷಯಕ್ಕೆ ಬರೋಣ.

ಹಸಿರುಹಾದಿ
ವಿಷಯಕ್ಕೇ ಬರ್ತೀನಿ. ಅಗತ್ಯ ಇಲ್ಲದ ಹಾರಾಟವನ್ನ ಕಾರ್ಡಿನ ಬಣ್ಣಕ್ಕಾಗಿ ಹಾರೋದು ತಪ್ಪು ಅಂತ ಇಷ್ಟು ಹೊತ್ತು ಒಬ್ಬರೂ ಹೇಳಲಿಲ್ಲ. ದೂರದ ಬಿಸಿನೆಸ್ ಸೀಟು ಹಿಡಿಯೋ ಜಾಗದಿಂದ ಲೆಕ್ಕ ಹಾಕಿದರೆ, ಬ್ರಿಟನ್ ಸರ್ಕಾರದ ಲೆಕ್ಕದಲ್ಲೇ ಅದರ ಇಂಗಾಲ ಎಕಾನಮಿಯ ಸುಮಾರು ಮೂರು ಪಟ್ಟು. ಪ್ಯಾರಿಸ್‌ಗೆ ಸುತ್ತಿ ಹೋದರೆ ಒಂದು ಟೇಕಾಫ್ ಜಾಸ್ತಿ, ನಿಮಿಷದ ಲೆಕ್ಕದಲ್ಲಿ ಇಂಧನ ಹೆಚ್ಚು ಸುಡೋದು ಅಲ್ಲೇ.

ಗೇಟ್23
ಖಾಲಿ ಇದ್ರೂ ಆ ವಿಮಾನ ಹಾರೇ ಹಾರುತ್ತಲ್ಲ ಮೇಡಂ?

ಹಸಿರುಹಾದಿ
ಒಂದು ದಿನ ಹಾರುತ್ತೆ. ತುಂಬಿದ ಸೀಟಿನ ಅಂಕಿ ನೋಡಿಯೇ ಮುಂದಿನ ವೇಳಾಪಟ್ಟಿ ಹಾಕೋದು. ನೀವೇ ಮೇಲೆ ಹೇಳಿದ್ರಿ, ರಜೆಗೆ ಅಂತ ಹೇಗಿದ್ರೂ ಹೋಗೋದಿದ್ರೆ ಮಾತ್ರ ಅಂತ. ಅಷ್ಟಕ್ಕೇ ನಿಂತರೆ ನನ್ನ ತಕರಾರೂ ಅರ್ಧ ಕಮ್ಮಿ.

ಗೇಟ್23
ಅಲ್ಲಿಗೆ ಇಬ್ಬರದೂ ಒಂದೇ ಮಾತು.

ಚೆಕ್‌ಇನ್ಕೌಂಟರ್
ಎಲ್ಲಿ ಕೈ ಕೊಡುತ್ತೆ ಅಂತ ಕೇಳಿದ್ದಕ್ಕೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ನಿಜವಾದ ನಷ್ಟ ಆಗೋದು ಇಲ್ಲೇ.

ವೇಳಾಪಟ್ಟಿ ಬದಲಾವಣೆ. ಆರು ತಿಂಗಳ ಮುಂಚೆ ತೆಗೆದ ಟಿಕೆಟ್‌ನಲ್ಲಿ ಪ್ಯಾರಿಸ್ ತಲುಪೋ ಸಮಯ ಅರ್ಧ ಗಂಟೆ ಸರಿದರೆ ಕನಿಷ್ಠ ಬದಲಾವಣೆ ಸಮಯ ಸಾಲಲ್ಲ. ಆಗ ಸಿಸ್ಟಂ ತಾನಾಗೇ ಆಮ್‌ಸ್ಟರ್‌ಡ್ಯಾಮ್‌ನಿಂದ ನೇರ ಹಾರಾಟಕ್ಕೆ ಹಾಕಿಬಿಡುತ್ತೆ. ಇಮೇಲ್‌ನಲ್ಲಿ ಕಾಣೋ ಒಪ್ಪಿಗೆ ಬಟನ್ ಒತ್ತಿದ್ರೆ 30 ಎಕ್ಸ್‌ಪಿ ಹೋಯ್ತು. ಒತ್ತಬೇಡಿ. ಫೋನ್ ಮಾಡಿ, ಅದೇ ದಿನ ಬೇರೆ ಆಮ್‌ಸ್ಟರ್‌ಡ್ಯಾಮ್–ಪ್ಯಾರಿಸ್ ಹಾರಾಟದ ಸಂಖ್ಯೆ ನೀವೇ ಹೇಳಿ ಕೂರಿಸೋಕೆ ಕೇಳಿ. ಸಂಖ್ಯೆ ಕೈಯಲ್ಲಿ ಇಲ್ಲದೆ ಕೇಳಿದ್ರೆ ಅವರಿಗೆ ಸುಲಭವಾದ್ದನ್ನೇ ಕೊಡ್ತಾರೆ.

ಪ್ಯಾರಿಸ್‌ನ ಬದಲಾವಣೆ. ಆಮ್‌ಸ್ಟರ್‌ಡ್ಯಾಮ್ ವಿಮಾನ 2ಎಫ್ ಟರ್ಮಿನಲ್‌ಗೆ ಬರುತ್ತೆ, ದೂರದವು ಹೊರಡೋದು 2ಇ ಟರ್ಮಿನಲ್‌ನಿಂದ. ನಡುವೆ ಪಾಸ್‌ಪೋರ್ಟ್ ಸಾಲು, ಕೆ ಗೇಟ್ ಅಲ್ಲದೆ ಎಲ್ ಅಥವಾ ಎಂ ಆದರೆ ಒಳಗಿನ ರೈಲು ಬೇರೆ. ಟಿಕೆಟ್ ಒಂದು ಗಂಟೆ ಚಿಲ್ಲರೆಗೂ ಕೊಡಬಹುದು. ಎರಡು ಗಂಟೆ ಇಟ್ಟುಕೊಳ್ಳಿ.

ವಿಳಂಬದಲ್ಲಿ ದಾರಿ ಬದಲಾದ್ರೆ. ವಿಮಾನ ತಪ್ಪಿ ಇನ್ನೊಂದು ಏರ್‌ಲೈನ್‌ಗೆ ಹಾಕಿದರೆ ಪಾಯಿಂಟ್ ಅಲ್ಲೇ ಹೋಗುತ್ತೆ. ಊರು ತಲುಪಿದ ಮೇಲೆ ಒರಿಜಿನಲ್ ರೂಟಿಂಗ್ ಕ್ರೆಡಿಟ್ (ಮೊದಲಿನ ದಾರಿಯ ಪಾಯಿಂಟ್) ಅಂತ ಹೆಸರು ಹೇಳಿಯೇ ಬರೆದು ಕೇಳಿ. ಜೊತೆಗೆ ಬೇಕಾದ್ದು ಮೊದಲ ಇ-ಟಿಕೆಟ್ ರಸೀದಿ, ಹೊಸ ಬೋರ್ಡಿಂಗ್ ಪಾಸ್, 13 ಅಂಕಿಯ ಟಿಕೆಟ್ ಸಂಖ್ಯೆ. ಅದರ ಮೊದಲ ಮೂರು ಅಂಕಿ ಟಿಕೆಟ್ ಯಾರದು ಅಂತ ಹೇಳುತ್ತೆ: 057 ಏರ್ ಫ್ರಾನ್ಸ್, 074 ಕೆಎಲ್ಎಂ, 125 ಬ್ರಿಟಿಷ್ ಏರ್‌ವೇಸ್, 157 ಕತಾರ್, 220 ಲುಫ್ತಾನ್ಸಾ. ಕಾಗದದ ಬೋರ್ಡಿಂಗ್ ಪಾಸ್ ಬಿಸಾಡಬೇಡಿ, ಫೋನಿನಲ್ಲಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹಾರಾಟ ಮುಗಿದ ಮೇಲೆ ಆ್ಯಪ್‌ನಿಂದ ಮಾಯವಾಗುತ್ತೆ.

ಡೌನ್‌ಗ್ರೇಡ್. ವಿಮಾನ ಬದಲಾಗಿ ಎಕಾನಮಿಯಲ್ಲಿ ಕೂರಿಸಿದರೆ, ಯುರೋಪಿನ ನಿಯಮ 261/2004 ಅನ್ವಯ ಆಗೋ ಹಾರಾಟಗಳಲ್ಲಿ ಟಿಕೆಟ್ ಬೆಲೆಯಲ್ಲಿ ಆ ಹಾರಾಟದ ಪಾಲಿನ 30, 50 ಇಲ್ಲವೇ 75 ಶೇಕಡಾ ವಾಪಸ್, ದೂರಕ್ಕೆ ತಕ್ಕಂತೆ. ಪಾಯಿಂಟ್ ಮಾತ್ರ ಬೇರೆಯಾಗಿ ಕೇಳಬೇಕು, ಮೂಲ ಕ್ಯಾಬಿನ್‌ನದೇ ಕೊಡಿ ಅಂತ.

ಟಿಕೆಟ್‌ನ ಒಂದು ಹಾರಾಟ ಬಿಡೋದು. ಮೊದಲ ಓಸ್ಲೋ–ಆಮ್‌ಸ್ಟರ್‌ಡ್ಯಾಮ್ ಹಾರದೆ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಹತ್ತೋಣ ಅಂದ್ರೆ ಇಡೀ ಟಿಕೆಟ್ ರದ್ದು. ಕೊನೆಯದನ್ನ ಬಿಟ್ಟರೆ ಅದರ 15 ಬರಲ್ಲ, ಚೆಕ್‌ಇನ್ ಮಾಡಿದ ಬ್ಯಾಗ್ ಓಸ್ಲೋಗೆ ಹೋಗುತ್ತೆ, ಏರ್‌ಲೈನ್ ದರದ ವ್ಯತ್ಯಾಸ ಕೇಳಲೂಬಹುದು.

ಮಧ್ಯರಾತ್ರಿಲೇಓವರ್
ಮೇಲಿನದನ್ನ ಎಲ್ಲರೂ ಸೇವ್ ಮಾಡಿಟ್ಕೊಳ್ಳಿ. ಒಂದು ಸೇರಿಸ್ತೀನಿ: ಹೊರಡೋ ಊರಿಗೆ ಹೋಗೋ ಟಿಕೆಟ್ ಬೇರೆ, ಮುಖ್ಯ ಟಿಕೆಟ್ ಬೇರೆ. ಮೊದಲನೇದು ತಡ ಆಗಿ ಎರಡನೇದು ತಪ್ಪಿದ್ರೆ ಯಾರೂ ಹೊಣೆ ಅಲ್ಲ. ಹಿಂದಿನ ದಿನವೇ ಹೋಗಿ ಮಲಗಿ. ಆ ಹೋಟೆಲ್ ಖರ್ಚು ಗೇಟ್23 ಅವರ ಲೆಕ್ಕದಲ್ಲಿ ಸೇರಿರೋದು ಅದಕ್ಕೇ.

ಪುಟ್ಟಬ್ಯಾಗ್
ವೀಸಾ?

ಚೆಕ್‌ಇನ್ಕೌಂಟರ್
ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ವೀಸಾ ಬೇಕಾಗೋ ಪಾಸ್‌ಪೋರ್ಟ್ ಆದರೆ ಮಲ್ಟಿಪಲ್ ಎಂಟ್ರಿ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಹೊರಗಿನಿಂದ ಓಸ್ಲೋಗೆ ಬಂದಾಗ ಒಂದು ಪ್ರವೇಶ. ಪ್ಯಾರಿಸ್‌ನಿಂದ ಹೊರಗೆ ಹಾರಿದಾಗ ನಿರ್ಗಮನ. ವಾಪಸ್ ಪ್ಯಾರಿಸ್–ಆಮ್‌ಸ್ಟರ್‌ಡ್ಯಾಮ್–ಓಸ್ಲೋ ಷೆಂಗೆನ್ ಒಳಗಿನ ಹಾರಾಟವಾದ್ದರಿಂದ ಪ್ಯಾರಿಸ್‌ನಲ್ಲೇ ಎರಡನೇ ಪ್ರವೇಶ. ಸಿಂಗಲ್ ಎಂಟ್ರಿ ಇದ್ದರೆ ಹೊರಡೋ ಮೊದಲೇ ಕೌಂಟರ್‌ನಲ್ಲಿ ತಡೀತಾರೆ. ಅಮೆರಿಕದಲ್ಲಂತೂ ಇಮಿಗ್ರೇಶನ್ ದಾಟದೆ ಬದಲಿಸೋ ವ್ಯವಸ್ಥೆಯೇ ಇಲ್ಲ, ಅಲ್ಲಿ ವಿಮಾನ ಬದಲಿಸೋಕೂ ವೀಸಾ ಅಥವಾ ಇಎಸ್‌ಟಿಎ (ವೀಸಾ ಬೇಡದ ದೇಶದವರು ಆನ್‌ಲೈನ್‌ನಲ್ಲಿ ಪಡೆಯೋ ಅನುಮತಿ) ಬೇಕು.

ಅರ್ಧ ದಿನದಲ್ಲಿ ತಿರುಗಿ ಹೊರಟರೆ ಇಮಿಗ್ರೇಶನ್‌ನಲ್ಲಿ ಪ್ರಶ್ನೆ ಬರುತ್ತೆ. ವಾಪಸ್ ಟಿಕೆಟ್ ತೋರಿಸಿ, ಪಾಯಿಂಟ್‌ಗಾಗಿ ಹಾರ್ತಿದ್ದೀನಿ ಅಂತ ಇದ್ದದ್ದನ್ನ ಹೇಳಿ. ಇಲ್ಲದ ಸಭೆ, ಇಲ್ಲದ ನೆಂಟರನ್ನ ಹುಟ್ಟುಹಾಕಿದ್ರೆ ಅಲ್ಲೇ ಸಿಕ್ಕಿಹಾಕ್ಕೊಳ್ಳೋದು.

ಉತ್ತರದಿಕ್ಕು
ಖಾತ್ಯಾಗಿನ ಹೆಸರು, ಟಿಕೆಟ್‌ನ್ಯಾಗಿನ ಹೆಸರು ಒಂದ ಇರಬೇಕ್ರಿ. ಒಂದ್ರಾಗ ಇನಿಶಿಯಲ್, ಇನ್ನೊಂದ್ರಾಗ ಪೂರ್ತಿ ಹೆಸರು ಇದ್ರ ಪಾಯಿಂಟ್ ತಾನಾಗೇ ಕೂಡೂದಿಲ್ಲ. ಮೆಂಬರ್ ನಂಬರ್ ಮೊದಲ ಹಾಕಿ, ಬೋರ್ಡಿಂಗ್ ಪಾಸಿನ್ಯಾಗ ಅದು ಅಚ್ಚಾಗೈತೋ ಇಲ್ಲೋ ನೋಡ್ಕೊಂಡ ಹತ್ರಿ. ಖಾತಿ ತೆರಿಯೂದ್ಕಿಂತ ಮೊದಲ ಹಾರಿದ್ದಕ್ಕ ಭಾಳ ಪ್ರೋಗ್ರಾಂದಾಗ ಪಾಯಿಂಟ್ ಕೊಡೂದಿಲ್ಲ.

ಕಿಟಕಿಸೀಟು
ಕಡಿಮೆ ಬೆಲೆಗೆ ಎಕಾನಮಿ ತಗೊಂಡು ಆಮೇಲೆ ಬಿಡ್ ಮಾಡಿ (ಹರಾಜಿನ ಥರ ಬೆಲೆ ಹೇಳಿ) ಬಿಸಿನೆಸ್‌ಗೆ ಏರಿದ್ರೆ?

ಮಧ್ಯರಾತ್ರಿಲೇಓವರ್
ಸೀಟು ಸಿಗಬಹುದು, ಪಾಯಿಂಟ್ ಗ್ಯಾರಂಟಿ ಇಲ್ಲ. ಮೈಲಿ ಕೊಟ್ಟು ಏರಿದರೆ, ಬಿಡ್ ಗೆದ್ದರೆ, ಸಾಮಾನ್ಯವಾಗಿ ಮೂಲ ಟಿಕೆಟ್‌ನ ಕ್ಯಾಬಿನ್ ಲೆಕ್ಕವೇ. ಪೂರ್ತಿ ದರದ ವ್ಯತ್ಯಾಸ ಕಟ್ಟಿ ಟಿಕೆಟ್ ಹೊಸದಾಗಿ ಬರೆಸಿಕೊಂಡು, ರಸೀದಿಯಲ್ಲಿ ಅಕ್ಷರ ಬಿಸಿನೆಸ್‌ದು ಆದರೆ ಮಾತ್ರ ನಂಬಬಹುದು. ಕಟ್ಟೋ ಮುಂಚೆ ಆ ಅಕ್ಷರ ಏನಾಗುತ್ತೆ ಅಂತ ಕೇಳಿ.

ಕಡಲತಡಿ
ಸ್ಟೇಟಸ್ ಮ್ಯಾಚ್ ಒಮ್ಮೆ ವಿಚಾರಿಸಿ. ಬೇರೆ ಅಲಯನ್ಸಿನ ಕಾರ್ಡ್ ಈಗಾಗಲೇ ಇದ್ದರೆ ಕೆಲವು ಏರ್‌ಲೈನ್ ಕೆಲವು ತಿಂಗಳಿಗೆ ಅದೇ ಮಟ್ಟ ಕೊಟ್ಟು, ಅಷ್ಟರೊಳಗೆ ಇಂತಿಷ್ಟು ಹಾರಿ ಅಂತಾವೆ. ಆ ಅವಧಿಯನ್ನ ನಿಮ್ಮ ಆರು ಪ್ರಯಾಣದ ಮೊದಲ ತಿಂಗಳಿಗೆ ಕೂರಿಸಿದರೆ ಬಿಸಿನೆಸ್ ಟಿಕೆಟೇ ಬೇಡ.

ಕಿಟಕಿಸೀಟು
ಹಳೇ ಕಾರ್ಡ್ ಯಾವುದೂ ಇಲ್ಲ. ಸದ್ಯಕ್ಕೆ ನಿರ್ಧಾರ ಹೀಗೆ: ಕುಟುಂಬದ ಜೊತೆ ಒಂದು ದೂರದ ರಜೆ ಹೇಗಿದ್ರೂ ಇದೆ, ಅದನ್ನ ಬಿಸಿನೆಸ್ ಮಾಡೋದು. ಎರಡನೇದನ್ನ ಸುಮ್ಮನೆ ಹಾರೋದಿಲ್ಲ. ಆಗ 132 ಒಂದೇ. ಗೋಲ್ಡ್ ಬೇಗ ಬರೋ ದಾರಿ ಬೇರೆ ಇದೆಯಾ?

ಲೆಕ್ಕಪತ್ರ
ಇದೆ. ಸಿಲ್ವರ್ ಆಗಿ 32 ಮಿಕ್ಕ ಮೇಲೆ ನಿಮ್ಮ ಆರು ಪ್ರಯಾಣಗಳ ಯುರೋಪಿನೊಳಗಿನ ಹಾರಾಟ ಮಾತ್ರ ಬಿಸಿನೆಸ್‌ಗೆ ಏರಿಸಿ, ಮೇಲೆ ಹೇಳಿದ ಹಾಗೆ ಟಿಕೆಟ್ ಹೊಸದಾಗಿ ಬರೆಸಿ. 5ರ ಜಾಗದಲ್ಲಿ 15. ಎರಡೂ ಕಡೆ ಸೇರಿ ಪ್ರಯಾಣಕ್ಕೆ 30ರ ಬದಲು 50. 32 + 50 + 50 + 50 = 182, ಮೂರನೇ ಪ್ರಯಾಣಕ್ಕೇ ಗೋಲ್ಡ್. ಯುರೋಪಿನ ಬಿಸಿನೆಸ್ ಅಂದ್ರೆ ಎಕಾನಮಿಯದೇ ಸೀಟು, ಪಕ್ಕದ್ದು ಖಾಲಿ ಬಿಡ್ತಾರೆ ಅಷ್ಟೇ. ಹಾಗಾಗಿ ಸುಖಕ್ಕೆ ಅಂತ ಏನೂ ಕಳೀಬೇಡಿ, ಹೆಚ್ಚಿಗೆ ಕಟ್ಟಿದ ಹಣವನ್ನ ಪ್ರಯಾಣಕ್ಕೆ ಹೆಚ್ಚಾದ 20 ಎಕ್ಸ್‌ಪಿಯಿಂದ ನೇರ ಭಾಗಿಸಿ. 13 ಯೂರೋಗಿಂತ ಕಮ್ಮಿ ಬಂದರೆ ಮಾಡಿ, ಜಾಸ್ತಿ ಬಂದರೆ ಬಿಡಿ.

ಗೇಟ್23
ಕುಟುಂಬದವರೆಲ್ಲ ಬಿಸಿನೆಸ್ ಅಂದ್ರೆ, ನಾಲ್ಕು ಜನ ಇದ್ದರೆ ಖರ್ಚು ನಾಲ್ಕು ಪಟ್ಟು, ಎಕ್ಸ್‌ಪಿ ಅವರವರ ಖಾತೆಗೆ ಹೋಗುತ್ತೆ, ನಿಮ್ಮದಕ್ಕೆ ನಿಮ್ಮ 132 ಮಾತ್ರ. ಅದನ್ನೂ ಲೆಕ್ಕಕ್ಕೆ ಹಿಡೀರಿ.

ಕಿಟಕಿಸೀಟು
ಹಿಡಿದಿದ್ದೀನಿ. ಮ್ಯಾಟ್ರಿಕ್ಸ್‌ನಲ್ಲಿ ಕೂತು ಎರಡು ಬದಲಾವಣೆಗೆ ಅವಕಾಶ ಕೊಡೋ ದರ ಹುಡುಕ್ತೀನಿ, ಸಿಕ್ಕಿದ ಫೇರ್ ರೂಲ್ಸ್ ಇಲ್ಲೇ ಹಾಕ್ತೀನಿ, ಮಿನಿಮಮ್ ಸ್ಟೇ ಸಾಲು ಒಮ್ಮೆ ನೋಡಿಕೊಡಿ.